ಆಯಿಲ್ ಬಾಯ್ಲರ್ ತೆಗೆಸಿ ಹೀಟ್ ಪಂಪ್ ಹಾಕಿಸುವವರಿಗೆ: ಇಂಗ್ಲೆಂಡ್ ಮತ್ತು ವೇಲ್ಸ್‌ನ ಸರ್ಕಾರಿ ಸಹಾಯಧನ ಪಡೆಯುವ ಬಗೆ

ಆಸ್ಪತ್ರೆಯ ನೌಕರಿಗೋ ವಿಶ್ವವಿದ್ಯಾಲಯದ ಕೆಲಸಕ್ಕೋ ಬ್ರಿಟನ್ನಿಗೆ ಬಂದು, ಕಾರ್ನ್‌ವಾಲ್, ನಾರ್ಫೋಕ್, ಹೆರೆಫರ್ಡ್‌ಶೈರ್ ಅಥವಾ ವೇಲ್ಸ್‌ನ ಪೋವಿಸ್ ಕಡೆಯ ಹಳ್ಳಿಯಲ್ಲಿ ಮನೆ ಕೊಂಡ ಕನ್ನಡಿಗರಿಗೆ ಮೊದಲ ಚಳಿಗಾಲದಲ್ಲೇ ಒಂದು ಸಂಗತಿ ತಿಳಿಯುತ್ತದೆ. ಪಟ್ಟಣದ ಮನೆಗಳಿಗೆ ಬರುವ ಗ್ಯಾಸ್ ಕೊಳವೆ ಇಲ್ಲಿಗೆ ಬಂದಿಲ್ಲ. ಹಿತ್ತಲಲ್ಲಿ ಹಸಿರು ಬಣ್ಣದ ಪ್ಲಾಸ್ಟಿಕ್ ಟ್ಯಾಂಕ್ ಒಂದಿದೆ, ಅದರಲ್ಲಿರುವ ಎಣ್ಣೆಯನ್ನು ಉರಿಸಿ ಬಾಯ್ಲರ್ ಮನೆಯನ್ನು ಕಾಯಿಸುತ್ತದೆ, ಎಣ್ಣೆ ಮುಗಿದರೆ ಮನೆ ತಣ್ಣಗಾಗುತ್ತದೆ. ಆ ಎಣ್ಣೆ ಬೇರೇನೂ ಅಲ್ಲ, ನಮ್ಮೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಕ್ಯಾನ್ ಹಿಡಿದು ಸಾಲು ನಿಂತು ತರುತ್ತಿದ್ದ ಸೀಮೆಎಣ್ಣೆಯ ಜಾತಿಯದೇ. ಒಮ್ಮೆಗೆ ಕನಿಷ್ಠ 500 ಲೀಟರ್ ತರಿಸಬೇಕು, ದರ ವಾರದಿಂದ ವಾರಕ್ಕೆ ಏರಿಳಿಯುತ್ತದೆ, ಹಿಮ ಬಿದ್ದ ದಿನ ಟ್ಯಾಂಕರ್ ಬರುವುದಿಲ್ಲ.

ಈ ವ್ಯವಸ್ಥೆಯನ್ನು ತೆಗೆದು, ಹೊರಗಿನ ಗಾಳಿಯ ಅಥವಾ ನೆಲದ ಶಾಖವನ್ನು ಕರೆಂಟಿನ ಬಲದಿಂದ ಮನೆಯೊಳಗೆ ತರುವ ಹೀಟ್ ಪಂಪ್ ಹಾಕಿಸುವವರಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ‘ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್’ ಎಂಬ ಸರ್ಕಾರಿ ಸಹಾಯಧನವಿದೆ. 2022ರ ಮೇ ತಿಂಗಳಲ್ಲಿ ಅರ್ಜಿಗಳಿಗೆ ತೆರೆದುಕೊಂಡ ಈ ಯೋಜನೆಯಲ್ಲಿ ಗಾಳಿಯಿಂದ ಶಾಖ ಎಳೆಯುವ ಪಂಪಿಗೆ ಮೊದಲು 5,000 ಪೌಂಡ್, ನೆಲದಿಂದ ಎಳೆಯುವುದಕ್ಕೆ 6,000 ಪೌಂಡ್ ಕೊಡುತ್ತಿದ್ದರು. 2023ರ ಅಕ್ಟೋಬರ್ 23ರಂದು ಎರಡನ್ನೂ 7,500 ಪೌಂಡಿಗೆ ಏರಿಸಲಾಯಿತು. ಈ ಲೇಖನದ ಲೆಕ್ಕಗಳಿಗೆ ನಾನು ಆ ಮೊತ್ತವನ್ನೇ ಇಟ್ಟುಕೊಂಡಿದ್ದೇನೆ. ಇಂತಹ ಯೋಜನೆಗಳ ಮೊತ್ತವೂ ಷರತ್ತೂ ಸರ್ಕಾರದ ಆದೇಶದಿಂದ ಬದಲಾಗುವಂಥವು; ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ವಾರದಲ್ಲಿ ಸರ್ಕಾರದ ಅಧಿಕೃತ ಜಾಲತಾಣವನ್ನು ಒಮ್ಮೆ ತೆರೆದು ನೋಡಿಕೊಳ್ಳಬೇಕು.

ಸಹಾಯಧನ ಸಿಗುವುದು ಕಷ್ಟವೇನಲ್ಲ. ಅರ್ಜಿ ಹಾಕುವವರು ನೀವಲ್ಲ, ಪಂಪನ್ನು ಅಳವಡಿಸಿಕೊಡುವ ನಿಮ್ಮ ಇನ್‌ಸ್ಟಾಲರ್. ನಿಮ್ಮ ಪಾಲಿಗೆ ಒಂದು ಇಮೇಲ್‌ಗೆ ಒಪ್ಪಿಗೆ ಕೊಡುವಷ್ಟು ಕೆಲಸ ಮಾತ್ರ. ಕಷ್ಟವಿರುವುದು ಅದಕ್ಕೂ ಮೊದಲು: ಮನೆಯ ಒಂದೊಂದು ಕೋಣೆಯಿಂದಲೂ ಎಷ್ಟು ಶಾಖ ಹೊರಗೆ ಹೋಗುತ್ತದೆ ಎಂಬ ಲೆಕ್ಕವನ್ನು ಸರಿಯಾಗಿ ಮಾಡಿಸಿಕೊಳ್ಳುವುದರಲ್ಲಿ. ಆ ಲೆಕ್ಕ ತಪ್ಪಿದ ಮನೆಗೂ 7,500 ಪೌಂಡ್ ಸಿಗುತ್ತದೆ, ಆದರೆ ಆ ಮನೆಯವರು ಇಪ್ಪತ್ತು ವರ್ಷ ಹೆಚ್ಚಿನ ಕರೆಂಟ್ ಬಿಲ್ ಕಟ್ಟುತ್ತಾರೆ. ಹಾಗಾಗಿ ಈ ಮಾರ್ಗದರ್ಶಿಯ ಹೆಚ್ಚಿನ ಭಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಮೊದಲು ಅರ್ಹತೆ ನೋಡಿಕೊಳ್ಳಿ

ಮನೆ ನಿಮ್ಮ ಹೆಸರಿನಲ್ಲಿರಬೇಕು. ನೀವೇ ವಾಸವಿರುವ ಮನೆಯಾಗಲಿ, ಬಾಡಿಗೆಗೆ ಕೊಟ್ಟ ಮನೆಯಾಗಲಿ ನಡೆಯುತ್ತದೆ. ಬಾಡಿಗೆಗೆ ಇರುವವರು ಮಾಲೀಕರ ಮೂಲಕವೇ ಹೋಗಬೇಕು. ಕೌನ್ಸಿಲ್ ಮತ್ತು ಹೌಸಿಂಗ್ ಅಸೋಸಿಯೇಷನ್ ಮನೆಗಳಿಗೆ ಈ ಯೋಜನೆ ಇಲ್ಲ. ಬಿಲ್ಡರ್ ಕಟ್ಟಿ ಮಾರುವ ಹೊಸ ಮನೆಗಳಿಗೂ ಇಲ್ಲ, ಆದರೆ ನಿಮ್ಮ ನಿವೇಶನದಲ್ಲಿ ನೀವೇ ಕಟ್ಟಿಸಿಕೊಂಡ ಮನೆಗೆ ಉಂಟು. ಹಿಂದೆ ಸರ್ಕಾರದ ಹಣದಿಂದ ಹೀಟ್ ಪಂಪ್ ಹಾಕಿಸಿದ್ದ ಮನೆಗೆ ಮತ್ತೊಮ್ಮೆ ಸಿಗುವುದಿಲ್ಲ. ಆದಾಯದ ಮಿತಿ ಇಲ್ಲ.

ಹೊಸ ಪಂಪು ಮನೆ ಬಿಸಿಮಾಡುವ ಕೆಲಸವನ್ನೂ ಸ್ನಾನದ ನೀರು ಕಾಯಿಸುವ ಕೆಲಸವನ್ನೂ ಪೂರ್ತಿಯಾಗಿ ವಹಿಸಿಕೊಳ್ಳಬೇಕು. ಇದರ ಅರ್ಥ, ಹಳೆಯ ಆಯಿಲ್ ಬಾಯ್ಲರನ್ನು ‘ತೀರಾ ಚಳಿಯ ದಿನಕ್ಕೆ ಇರಲಿ’ ಎಂದು ಜೊತೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಎರಡನ್ನೂ ಸೇರಿಸಿ ನಡೆಸುವ ಹೈಬ್ರಿಡ್ ವ್ಯವಸ್ಥೆಗೆ ಈ ಯೋಜನೆಯಲ್ಲಿ ಹಣವಿಲ್ಲ. ಹೊಸದಾಗಿ ಮನೆ ಕೊಂಡವರು ಹಲವರು ಈ ಒಂದು ಷರತ್ತು ಗೊತ್ತಿಲ್ಲದೆ ಕೊನೆಯಲ್ಲಿ ಪೇಚಿಗೆ ಸಿಲುಕುತ್ತಾರೆ.

ಮನೆಯ ಇಪಿಸಿ, ಅಂದರೆ ಇಂಧನ ದಕ್ಷತೆಯ ಪ್ರಮಾಣಪತ್ರ, ಯೋಜನೆ ಶುರುವಾದಾಗಿನಿಂದ ಕೇಳಲಾಗುತ್ತಿದ್ದ ದಾಖಲೆ. ಅದಕ್ಕೆ ಹತ್ತು ವರ್ಷದ ಅವಧಿ. ಮನೆ ಕೊಂಡಾಗ ಸಿಕ್ಕ ಪ್ರತಿಯ ದಿನಾಂಕವನ್ನು ನೋಡಿಟ್ಟುಕೊಳ್ಳಿ. ಮೊದಲು ಇನ್ನೊಂದು ತೊಡಕಿತ್ತು: ಅಟ್ಟಕ್ಕೂ ಜೋಡಿಗೋಡೆಯ ನಡುವಿನ ಖಾಲಿ ಜಾಗಕ್ಕೂ ಶಾಖ ಹೊರಹೋಗದಂತೆ ತಡೆಯುವ ನಿರೋಧಕ ತುಂಬಿಸಿ ಎಂಬ ಶಿಫಾರಸು ಇಪಿಸಿಯಲ್ಲಿ ಬಾಕಿಯಿದ್ದರೆ ಸಹಾಯಧನ ಸಿಗುತ್ತಿರಲಿಲ್ಲ. 2024ರ ಮೇ ತಿಂಗಳಿನಿಂದ ಆ ಷರತ್ತನ್ನು ತೆಗೆದಿದ್ದಾರೆ. ಷರತ್ತು ಹೋಯಿತೆಂದು ಅಟ್ಟವನ್ನು ಬರಿದಾಗಿ ಬಿಡಬೇಡಿ. ಅಟ್ಟದ ಮೇಲೆ 270 ಮಿಲಿಮೀಟರ್ ದಪ್ಪಕ್ಕೆ ಉಣ್ಣೆಯಂಥ ನಿರೋಧಕ ಹಾಸಿಸುವುದು ಈ ಇಡೀ ಕೆಲಸದಲ್ಲೇ ಅಗ್ಗದ ಭಾಗ. ಅದನ್ನು ಪಂಪಿನ ಅಳತೆ ನಿರ್ಧಾರವಾಗುವ ಮುಂಚೆಯೇ ಮುಗಿಸಬೇಕು, ಆಮೇಲಲ್ಲ.

ವೀಸಾದ ಮೇಲೆ ಇರುವವರಿಗೆ ಸಹಜವಾಗಿ ಒಂದು ಆತಂಕ ಇರುತ್ತದೆ. ‘ಸಾರ್ವಜನಿಕ ನಿಧಿಯ ನೆರವು ಪಡೆಯುವಂತಿಲ್ಲ’ ಎಂಬ ಷರತ್ತು ವಲಸೆ ನಿಯಮಗಳಲ್ಲಿ ಹೆಸರಿಸಿದ ಭತ್ಯೆಗಳಿಗೆ ಅನ್ವಯಿಸುತ್ತದೆ; ಆ ಪಟ್ಟಿಯಲ್ಲಿ ಈ ಯೋಜನೆಯ ಹೆಸರಿಲ್ಲ. ಆದರೂ ವೀಸಾದಂಥ ವಿಷಯದಲ್ಲಿ ಸ್ನೇಹಿತರ ಮಾತನ್ನಾಗಲಿ, ಲೇಖನವೊಂದರ ಮಾತನ್ನಾಗಲಿ ನಂಬಿ ಹೆಜ್ಜೆಯಿಡದೆ, ನೋಂದಾಯಿತ ವಲಸೆ ಸಲಹೆಗಾರರಿಂದ ಬರಹದಲ್ಲಿ ಉತ್ತರ ಪಡೆಯುವುದು ಒಳ್ಳೆಯದು.

ಎಣ್ಣೆಯ ರಸೀದಿಗಳನ್ನು ಒಟ್ಟುಗೂಡಿಸಿ

ಯಾರಿಗೂ ಫೋನ್ ಮಾಡುವ ಮೊದಲು ಕಳೆದ ಎರಡು ವರ್ಷಗಳ ಎಣ್ಣೆಯ ರಸೀದಿಗಳನ್ನು ಹುಡುಕಿ ತೆಗೆಯಿರಿ. ವರ್ಷಕ್ಕೆ ಎಷ್ಟು ಲೀಟರ್ ಉರಿದಿದೆ ಎಂಬುದೇ ನಿಮ್ಮ ಕೈಯಲ್ಲಿರುವ ಅತ್ಯಂತ ನಂಬಲರ್ಹ ಅಂಕಿ.

ಒಂದು ಉದಾಹರಣೆ ನೋಡೋಣ. ನಮ್ಮದು ಮೂರು ಮಲಗುವ ಕೋಣೆಗಳ ಹಳೆಯ ಮನೆ, ವರ್ಷಕ್ಕೆ ಸುಮಾರು 2,000 ಲೀಟರ್ ಎಣ್ಣೆ ಬೇಕಾಗುತ್ತಿತ್ತು. ಒಂದು ಲೀಟರ್ ಎಣ್ಣೆಯಲ್ಲಿ ಸರಿಸುಮಾರು 10 ಯೂನಿಟ್ ಶಕ್ತಿ ಇರುತ್ತದೆ, ಅಂದರೆ ಒಟ್ಟು 20,000 ಯೂನಿಟ್. ಬಾಯ್ಲರ್ ಅದರಲ್ಲಿ ನೂರಕ್ಕೆ 85ರಷ್ಟನ್ನು ಮನೆಗೆ ಕೊಟ್ಟು ಉಳಿದದ್ದನ್ನು ಹೊಗೆ ಕೊಳವೆಯಲ್ಲಿ ಬಿಡುತ್ತದೆ ಎಂದಿಟ್ಟುಕೊಂಡರೆ, ಮನೆಗೆ ನಿಜವಾಗಿ ಸಿಕ್ಕಿದ್ದು 17,000 ಯೂನಿಟ್ ಶಾಖ. ಎಣ್ಣೆಯ ದರ ಲೀಟರಿಗೆ 65 ಪೆನ್ಸ್ ಎಂದು ಹಿಡಿದರೆ ವರ್ಷದ ಖರ್ಚು 1,300 ಪೌಂಡ್.

ಹೀಟ್ ಪಂಪು ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಫ್ರಿಜ್ಜು ಒಳಗಿನ ಬಿಸಿಯನ್ನು ಹಿಂಬದಿಗೆ ತಂದು ಹಾಕುವ ಹಾಗೆಯೇ ಇದು ಹೊರಗಿನ ತಣ್ಣನೆಯ ಗಾಳಿಯಲ್ಲಿರುವ ಶಾಖವನ್ನು ಹಿಂಡಿ ಒಳಗೆ ತರುತ್ತದೆ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ತಂದಿತು ಎಂಬುದರ ವರ್ಷದ ಸರಾಸರಿಯನ್ನು ಎಸ್‌ಸಿಒಪಿ ಎನ್ನುತ್ತಾರೆ. ಕರೆಂಟು ಯೂನಿಟ್ಟಿಗೆ 25 ಪೆನ್ಸ್ ಎಂದಿಟ್ಟುಕೊಂಡು ಅದೇ 17,000 ಯೂನಿಟ್ಟಿಗೆ ಲೆಕ್ಕ ಹಾಕಿ. ಸರಾಸರಿ 2.5 ಬಂದರೆ ವರ್ಷಕ್ಕೆ 1,700 ಪೌಂಡ್, 3 ಬಂದರೆ 1,417, 3.5 ಬಂದರೆ 1,214. 4 ಬಂದರೆ 1,062. ಅಂದರೆ ಈ ದರಗಳಲ್ಲಿ ಪಂಪು ಮೂರರ ಕೆಳಗೆ ನಡೆದರೆ ಎಣ್ಣೆಗಿಂತ ದುಬಾರಿ, ಮೂರೂವರೆ ದಾಟಿದರೆ ಅಗ್ಗ. ನಿಮ್ಮ ರಸೀದಿಯ ದರ, ನಿಮ್ಮ ಬಿಲ್ಲಿನ ದರ ಹಾಕಿ ಇದನ್ನು ನೀವೇ ಮಾಡಿ ನೋಡಿ. ಹೀಟ್ ಪಂಪ್ ಇರುವ ಮನೆಗಳಿಗೆಂದು, ದಿನದ ಕೆಲವು ಹೊತ್ತಿನಲ್ಲಿ ಯೂನಿಟ್ ದರವನ್ನು ಇಳಿಸುವ ಕರೆಂಟ್ ಪ್ಲಾನುಗಳೂ ಇವೆ. ಅವನ್ನು ಸೇರಿಸಿದರೆ ಲೆಕ್ಕ ಇನ್ನಷ್ಟು ನಿಮ್ಮ ಕಡೆ ವಾಲುತ್ತದೆ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವಿದೆ. ಯೋಜನೆಯ ನಿಯಮದಂತೆ ಪಂಪಿಗೆ ಕನಿಷ್ಠ 2.8 ಎಸ್‌ಸಿಒಪಿ ಇದ್ದರೆ ಸಾಕು. ಸರ್ಕಾರ ಒಪ್ಪುವ ಮಟ್ಟಕ್ಕೂ ನಿಮ್ಮ ಜೇಬಿಗೆ ಒಪ್ಪುವ ಮಟ್ಟಕ್ಕೂ ನಡುವೆ ಅಂತರವಿದೆ, ಆ ಅಂತರವನ್ನು ತುಂಬುವುದು ಒಳ್ಳೆಯ ವಿನ್ಯಾಸವೊಂದೇ.

ಕೋಣೆ ಕೋಣೆಯ ಶಾಖನಷ್ಟದ ಲೆಕ್ಕ

ಹೀಟ್ ಪಂಪಿನಂಥ ವ್ಯವಸ್ಥೆಗಳ ಗುಣಮಟ್ಟ ನೋಡುವ ಎಂಸಿಎಸ್ ಸಂಸ್ಥೆಯ ಪ್ರಮಾಣಪತ್ರ ಇರುವ ಇನ್‌ಸ್ಟಾಲರ್ ಮೂಲಕ ಮಾತ್ರ ಸಹಾಯಧನ ಸಿಗುತ್ತದೆ. ಎಂಸಿಎಸ್ ಜಾಲತಾಣದಲ್ಲಿ ನಿಮ್ಮ ಪೋಸ್ಟ್‌ಕೋಡ್ ಹಾಕಿದರೆ ಹತ್ತಿರದವರ ಪಟ್ಟಿ ಬರುತ್ತದೆ. ಅದರಲ್ಲಿ ಮೂವರನ್ನಾದರೂ ಮನೆಗೆ ಕರೆಸಿ. ಫೋನಿನಲ್ಲೇ ದರ ಹೇಳುವವರನ್ನು ದೂರವಿಡಿ.

ನಮ್ಮ ಮನೆಗೆ ಮೊದಲು ಬಂದವರು ಇಪ್ಪತ್ತು ನಿಮಿಷ ಇದ್ದರು. ಕೆಳಗಿನ ಕೋಣೆಗಳನ್ನು ಕಣ್ಣಳತೆಯಲ್ಲೇ ನೋಡಿ, ಹಳೆಯ ಬಾಯ್ಲರಿನ ಮೇಲಿದ್ದ ಅಂಕಿಯನ್ನು ಬರೆದುಕೊಂಡು, ಮರುದಿನ 14 ಕಿಲೋವ್ಯಾಟ್ ಪಂಪಿಗೆ ಕೊಟೇಶನ್ ಕಳಿಸಿದರು. ಎರಡನೆಯದಾಗಿ ಬಂದ ಹೆಣ್ಣುಮಗಳು ಮೂರು ಗಂಟೆ ಇದ್ದರು. ಲೇಸರ್ ಅಳತೆ ಸಾಧನ ಹಿಡಿದು ಪ್ರತಿ ಕಿಟಕಿಯ ಉದ್ದಗಲ ಬರೆದುಕೊಂಡರು. ಹಿಂಬದಿಯ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, ಇದು ಜೋಡಿಗೋಡೆಯಲ್ಲ, ಗಟ್ಟಿ ಕಲ್ಲಿನದು ಎಂದರು. ಟಾರ್ಚ್ ಹಿಡಿದು ಅಟ್ಟಕ್ಕೆ ಹತ್ತಿ ಇಳಿದರು. ಬಿಸಿನೀರು ಹರಿದು ಕೋಣೆಯನ್ನು ಕಾಯಿಸುವ ಪ್ರತಿ ರೇಡಿಯೇಟರಿನ ಪಕ್ಕ ಮೊಣಕಾಲೂರಿ ಕೂತು ಕೊಳವೆಯ ದಪ್ಪವನ್ನು ಕ್ಯಾಲಿಪರಿನಲ್ಲಿ ಅಳೆದರು. ಅವರ ಲೆಕ್ಕದಲ್ಲಿ ನಮ್ಮ ಮನೆಗೆ ಬೇಕಾದದ್ದು 7 ಕಿಲೋವ್ಯಾಟ್, ಮೊದಲಿನವರು ಹೇಳಿದ್ದರ ಅರ್ಧ.

ಯಾರ ಮಾತು ಸರಿ ಎಂದು ತಿಳಿಯಲು ಎಣ್ಣೆಯ ರಸೀದಿ ಮತ್ತೆ ಕೆಲಸಕ್ಕೆ ಬರುತ್ತದೆ. ಮನೆಗೆ ವರ್ಷಕ್ಕೆ ಸಿಕ್ಕ ಶಾಖವನ್ನು 2,200ರಿಂದ 2,900ರ ನಡುವಿನ ಅಂಕಿಯಿಂದ ಭಾಗಿಸಿದರೆ ಬೇಕಾದ ಕಿಲೋವ್ಯಾಟ್ ಒರಟಾಗಿ ಸಿಗುತ್ತದೆ. 17,000 ಯೂನಿಟ್ಟಿಗೆ ಇದು 5.9ರಿಂದ 7.7ರವರೆಗೆ ಬರುತ್ತದೆ. ಮನೆಯನ್ನು ಅರೆಬರೆ ಬಿಸಿಮಾಡಿಕೊಂಡು ಸ್ವೆಟರಿನಲ್ಲೇ ಚಳಿಗಾಲ ಕಳೆಯುವ ಕುಟುಂಬವಾದರೆ ಈ ಅಂಕಿ ಕಡಿಮೆ ತೋರಿಸುತ್ತದೆ ಎಂಬುದು ನಿಜ; ಆದರೂ 14ಕ್ಕೂ 7ಕ್ಕೂ ಇರುವ ವ್ಯತ್ಯಾಸವನ್ನು ಹಿಡಿದು ತೋರಿಸಲು ಇದು ಧಾರಾಳ ಸಾಕು.

ದೊಡ್ಡ ಪಂಪ್ ಇದ್ದರೆ ಒಳ್ಳೆಯದಲ್ಲವೇ ಎಂದು ನಮ್ಮ ಕಡೆಯವರು ಕೇಳುವುದುಂಟು. ಅಲ್ಲ. ಆಯಿಲ್ ಬಾಯ್ಲರ್ ಜೋರುರಿಯ ಒಲೆ. ಬೆಳಿಗ್ಗೆ ಒಂದು ಗಂಟೆ ಭುಗಿಲೆಂದು ಉರಿದು ಮನೆಯನ್ನು ಕಾಯಿಸಿ ಸುಮ್ಮನಾಗುತ್ತದೆ. ಹೀಟ್ ಪಂಪಿನದು ಸಣ್ಣ ಉರಿಯ ಕೆಲಸ. ಹಾಲನ್ನು ಸಣ್ಣ ಉರಿಯಲ್ಲಿಟ್ಟು ಕೆನೆಗಟ್ಟಿಸುವ ಹಾಗೆ, ದಿನವಿಡೀ ಮೆಲ್ಲಗೆ ನಡೆಯುತ್ತಿದ್ದರೆ ಅದು ಕಡಿಮೆ ಕರೆಂಟಿನಲ್ಲಿ ಹೆಚ್ಚು ಶಾಖ ಕೊಡುತ್ತದೆ. ಅಗತ್ಯಕ್ಕಿಂತ ದೊಡ್ಡದಾದ ಪಂಪು ಸಾಧಾರಣ ಚಳಿಯ ದಿನಗಳಲ್ಲಿ ಅಷ್ಟು ಸಣ್ಣ ಉರಿಗೆ ಇಳಿಯಲಾರದೆ, ಹತ್ತು ನಿಮಿಷ ನಡೆದು ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಇದರಿಂದ ಬಿಲ್ಲೂ ಏರುತ್ತದೆ, ಯಂತ್ರವೂ ಬೇಗ ಸವೆಯುತ್ತದೆ.

ಲೆಕ್ಕದ ಹಾಳೆ ಕೈಗೆ ಬಂದಾಗ ಮೂರು ಅಂಕಿಗಳನ್ನು ಹುಡುಕಿ. ಹೊರಗಿನ ತಾಪಮಾನ ಎಷ್ಟಿರುವ ದಿನಕ್ಕೆ ವಿನ್ಯಾಸ ಮಾಡಿದ್ದಾರೆ. ಇಂಗ್ಲೆಂಡಿನ ಬಹುಪಾಲು ಕಡೆ ಇದು ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿರುತ್ತದೆ. ಒಳಗೆ ಯಾವ ಕೋಣೆಗೆ ಎಷ್ಟು ಡಿಗ್ರಿ ಹಿಡಿದಿದ್ದಾರೆ. ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವ ಮನೆಯಾದರೆ ಅವರ ಕೋಣೆಗೆ 18 ಡಿಗ್ರಿ ಸಾಲದು, 22 ಹಿಡಿಯಿರಿ ಎಂದು ಮೊದಲೇ ಹೇಳಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಆ ತೀರಾ ಚಳಿಯ ದಿನ ರೇಡಿಯೇಟರಿಗೆ ಹೋಗುವ ನೀರು ಎಷ್ಟು ಡಿಗ್ರಿ ಬಿಸಿಯಿರಬೇಕು. ಆಯಿಲ್ ಬಾಯ್ಲರ್ 65-75 ಡಿಗ್ರಿಯಲ್ಲಿ ನೀರು ಕಳಿಸುತ್ತದೆ. ಹೀಟ್ ಪಂಪಿನ ಹಾಳೆಯಲ್ಲಿ 55 ಎಂದಿದ್ದರೆ ಸರಾಸರಿ ಮೂರರ ಹತ್ತಿರ ಒದ್ದಾಡುತ್ತದೆ. 45 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೂರೂವರೆ, ನಾಲ್ಕರ ಮಾತು ಆಡಬಹುದು. 45 ಡಿಗ್ರಿಗೆ ವಿನ್ಯಾಸ ಮಾಡಿಕೊಡಿ, ಅದಕ್ಕೆ ಎಷ್ಟು ರೇಡಿಯೇಟರ್ ಬದಲಾಯಿಸಬೇಕು ತಿಳಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ರೇಡಿಯೇಟರ್, ಕೊಳವೆ, ಬಿಸಿನೀರು

ನೀರು ಅಷ್ಟು ಬಿಸಿಯಿಲ್ಲದ ಮೇಲೆ ಅದೇ ಕೋಣೆಯನ್ನು ಬೆಚ್ಚಗಿಡಲು ರೇಡಿಯೇಟರ್ ದೊಡ್ಡದಿರಬೇಕು. ಒಂದೇ ಹಲಗೆಯ ಹಳೆಯ ರೇಡಿಯೇಟರಿನ ಜಾಗದಲ್ಲಿ ಅದೇ ಉದ್ದದ, ಎರಡು ಹಲಗೆಗಳ ದಪ್ಪನೆಯದನ್ನು ಹಾಕಿದರೆ ಎಷ್ಟೋ ಕಡೆ ಸಾಕಾಗುತ್ತದೆ. ಎಲ್ಲವನ್ನೂ ಬದಲಾಯಿಸಬೇಕಾಗಿಲ್ಲ. ನಮ್ಮಲ್ಲಿ ಒಂಬತ್ತರಲ್ಲಿ ಐದು ಬದಲಾದವು.

1970-80ರ ದಶಕದ ಮನೆಗಳಲ್ಲಿ ಬೆರಳಿಗಿಂತ ಸಣ್ಣನೆಯ, 8 ಅಥವಾ 10 ಮಿಲಿಮೀಟರಿನ ತಾಮ್ರದ ಕೊಳವೆಗಳು ಇರುವುದುಂಟು. ಹೀಟ್ ಪಂಪಿಗೆ ಹೆಚ್ಚು ನೀರು ಹರಿಯಬೇಕಾದ್ದರಿಂದ ಇವು ಸಾಲದೆ ಹೋಗಬಹುದು. ನೆಲಹಾಸು ಕಿತ್ತು ಕೊಳವೆ ಬದಲಾಯಿಸುವುದು ಖರ್ಚಿನ ಕೆಲಸ, ಆದ್ದರಿಂದ ಇದು ಕೊಟೇಶನ್ನಿನಲ್ಲಿ ಇದೆಯೇ ಇಲ್ಲವೇ ಎಂಬುದು ಸಹಿಗೆ ಮುಂಚೆ ಗೊತ್ತಿರಬೇಕು.

ಇನ್ನು ಸ್ನಾನದ ನೀರು. ಹೀಟ್ ಪಂಪಿಗೆ ಬಿಸಿನೀರನ್ನು ಕೂಡಿಟ್ಟುಕೊಳ್ಳುವ ಸಿಲಿಂಡರ್ ಬೇಕೇ ಬೇಕು. ನಾಲ್ವರಿರುವ ಮನೆಗೆ 200-250 ಲೀಟರಿನದು ಹಾಕುತ್ತಾರೆ. ನಲ್ಲಿ ತಿರುಗಿಸಿದ ಕ್ಷಣ ನೀರು ಕಾಯಿಸುವ ಕಾಂಬಿ ಬಾಯ್ಲರ್ ಇದ್ದ ಮನೆಗಳಲ್ಲಿ ಇದಕ್ಕೆ ಕಪಾಟಿನಷ್ಟು ಜಾಗ ಹೊಸದಾಗಿ ಹುಡುಕಬೇಕು. ನೀರನ್ನು ಸಾಮಾನ್ಯವಾಗಿ 48-50 ಡಿಗ್ರಿಗೆ ಕಾಯಿಸಿಟ್ಟು, ರೋಗಾಣು ಬೆಳೆಯದಂತೆ ಆಗಾಗ 60 ಡಿಗ್ರಿಗೆ ಏರಿಸುತ್ತಾರೆ. ಮಲೆನಾಡಿನ ಬಚ್ಚಲ ಹಂಡೆಯ ಕುದಿನೀರಿಗೆ ಒಗ್ಗಿದ ಹಿರಿಯರು ಇದೇನು ಉಗುರುಬೆಚ್ಚಗಿರುತ್ತದೋ ಎಂದು ಅನುಮಾನಪಡಬಹುದು. 48 ಡಿಗ್ರಿಯ ನೀರನ್ನು ತಣ್ಣೀರು ಬೆರೆಸದೆ ಮೈಮೇಲೆ ಹಾಕಿಕೊಳ್ಳಲು ಆಗುವುದಿಲ್ಲ ಎಂದು ಅವರಿಗೆ ತಿಳಿಸಿ. ಅಮ್ಮನ ಸ್ನಾನದ ವಿಷಯದಲ್ಲಿ ನನಗಿದ್ದ ಚಿಂತೆ ಮೊದಲ ವಾರದಲ್ಲೇ ಹೋಯಿತು. ಬಕೆಟ್ ಸ್ನಾನದವರಿಗಿಂತ ಉದ್ದನೆಯ ಶವರ್ ಮಾಡುವ ಹದಿಹರೆಯದ ಮಕ್ಕಳೇ ಸಿಲಿಂಡರ್ ಖಾಲಿಮಾಡುವವರು. ಅಳತೆ ನಿರ್ಧರಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಪಂಪ್ ಇಡುವ ಜಾಗ, ಕರೆಂಟ್, ಅನುಮತಿ

ಹೊರಗಿನ ಘಟಕವನ್ನು ಎಲ್ಲಿಡಬೇಕು ಎಂಬುದನ್ನು ಇನ್‌ಸ್ಟಾಲರಿನ ಜೊತೆ ನಿಂತು ನೋಡಿ. ಚಳಿಗಾಲದಲ್ಲಿ ಅದರ ಹಿಂಬದಿಯಲ್ಲಿ ಹಿಮದ ಪದರ ಕಟ್ಟುತ್ತದೆ, ಯಂತ್ರ ಅದನ್ನು ತಾನೇ ಕರಗಿಸಿಕೊಳ್ಳುತ್ತದೆ, ಆ ನೀರು ಕೆಳಗೆ ಸುರಿಯುತ್ತದೆ. ಜಲ್ಲಿ ತುಂಬಿದ ಇಂಗುಗುಂಡಿಗೋ ಚರಂಡಿಗೋ ಅದು ಹೋಗದಿದ್ದರೆ, ಹಿತ್ತಲ ಬಾಗಿಲ ಮುಂದಿನ ಕಲ್ಲುಹಾಸಿನ ಮೇಲೆ ಹರಿದು ರಾತ್ರೋರಾತ್ರಿ ಗಾಜಿನಂತೆ ಹೆಪ್ಪುಗಟ್ಟುತ್ತದೆ. ಪ್ರೊಪೇನ್ ಬಳಸುವ ಹೊಸ ಪಂಪುಗಳಿಗೆ ಕಿಟಕಿ, ಬಾಗಿಲು, ಚರಂಡಿ ಬಾಯಿಗಳಿಂದ ತಯಾರಕರು ಹೇಳಿದಷ್ಟು ದೂರ ಬಿಡಬೇಕು. ಆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ಸೇರುತ್ತದೆ.

ಇಂಗ್ಲೆಂಡಿನಲ್ಲಿ ಹೆಚ್ಚಿನ ಮನೆಗಳಿಗೆ ಕೌನ್ಸಿಲಿನ ಯೋಜನಾ ಅನುಮತಿಗೆ ಅರ್ಜಿ ಹಾಕಬೇಕಿಲ್ಲ. ನೆರೆಯವರ ಗಡಿಯಿಂದ ಒಂದು ಮೀಟರ್ ದೂರವಿರಬೇಕೆಂಬ ನಿಯಮವನ್ನೂ 2025ರ ಮೇ ಕೊನೆಯಲ್ಲಿ ತೆಗೆದುಹಾಕಿದರು, ಘಟಕದ ಗಾತ್ರದ ಮಿತಿಯನ್ನು 1.5 ಘನ ಮೀಟರಿಗೆ ಏರಿಸಿದರು. ಶಬ್ದದ ಲೆಕ್ಕ ಮಾತ್ರ ಎಂಸಿಎಸ್ ಮಾನದಂಡಕ್ಕೆ ಸರಿಹೊಂದಬೇಕು. ವೇಲ್ಸ್‌ನ ನಿಯಮಗಳು ಬೇರೆ, ಅಲ್ಲಿನವರು ತಮ್ಮ ಕೌನ್ಸಿಲಿನಲ್ಲೇ ವಿಚಾರಿಸಬೇಕು. ಸಂರಕ್ಷಿತ ಪಟ್ಟಿಯಲ್ಲಿರುವ ಹಳೆಯ ಕಟ್ಟಡಗಳಿಗೆ ಎರಡೂ ಕಡೆ ಪ್ರತ್ಯೇಕ ಅನುಮತಿ ಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ಮೀಟರ್ ಪೆಟ್ಟಿಗೆ ತೆರೆದು ಮುಖ್ಯ ಫ್ಯೂಸಿನ ಮೇಲಿರುವ ಅಂಕಿಯನ್ನು ನೋಡಿ ಒಂದು ಫೋಟೋ ತೆಗೆದಿಡಿ. ಅದು 60 ಆಂಪಿಯರ್ ಇದ್ದು, ಮನೆಯಲ್ಲಿ ಕಾರ್ ಚಾರ್ಜರ್ ಕೂಡ ಇದ್ದರೆ ದೊಡ್ಡ ಫ್ಯೂಸ್ ಬೇಕಾದೀತು. ಪ್ರದೇಶದ ವಿದ್ಯುತ್ ಜಾಲ ಕಂಪನಿಗೆ ಇನ್‌ಸ್ಟಾಲರೇ ತಿಳಿಸುತ್ತಾರೆ. ಹಳ್ಳಿಗಳಲ್ಲಿ ಪಕ್ಕದ ಮನೆಯ ತಂತಿಯಿಂದಲೇ ನಿಮ್ಮ ಮನೆಗೂ ಕರೆಂಟು ಬಂದಿರುವ ಸಾಧ್ಯತೆ ಇದೆ. ಅದನ್ನು ಬೇರ್ಪಡಿಸಲು ಸಮಯ ಹಿಡಿಯುವುದರಿಂದ ಈ ವಿಚಾರಣೆ ಮೊದಲೇ ಆಗಿರಬೇಕು.

ಕೊಟೇಶನ್ ಓದುವುದು

ಗಾಳಿಯಿಂದ ಶಾಖ ಎಳೆಯುವ ವ್ಯವಸ್ಥೆಗೆ, ಸಹಾಯಧನ ಕಳೆಯುವ ಮುಂಚೆ, ಒಟ್ಟು 12,000ದಿಂದ 14,000 ಪೌಂಡಿನ ಆಸುಪಾಸು ಬರುವುದು ಸಾಮಾನ್ಯ. ನೆಲದಲ್ಲಿ ಕೊಳವೆ ಹೂಳುವ ವ್ಯವಸ್ಥೆ ಇದಕ್ಕಿಂತ ಬಹಳ ದುಬಾರಿ. ಹೀಟ್ ಪಂಪ್ ಅಳವಡಿಕೆಗೆ ಮೌಲ್ಯವರ್ಧಿತ ತೆರಿಗೆಯನ್ನು 2022ರ ಏಪ್ರಿಲ್‌ನಿಂದ 2027ರ ಮಾರ್ಚ್ 31ರವರೆಗೆ ಸೊನ್ನೆಗೆ ಇಳಿಸಿದ್ದಾರೆ; ಈ ಅವಧಿಯ ಕೊಟೇಶನ್ನಿನಲ್ಲಿ ತೆರಿಗೆ ಹಾಕಿದ್ದರೆ ಯಾಕೆಂದು ಕೇಳಿ.

ಸಹಾಯಧನವನ್ನು ಒಟ್ಟು ಮೊತ್ತದಿಂದ ಕಳೆದು, ನೀವು ಕೊಡಬೇಕಾದದ್ದನ್ನು ಪ್ರತ್ಯೇಕವಾಗಿ ಬರೆದಿರಬೇಕು. ಪಂಪಿನ ಮಾದರಿ, ಸಿಲಿಂಡರಿನ ಅಳತೆ, ಯಾವ ಕೋಣೆಗೆ ಯಾವ ರೇಡಿಯೇಟರ್, ವಿನ್ಯಾಸದ ನೀರಿನ ತಾಪಮಾನ, ನಿರೀಕ್ಷಿತ ಎಸ್‌ಸಿಒಪಿ, ಹಳೆಯ ಬಾಯ್ಲರ್ ಮತ್ತು ಎಣ್ಣೆ ಟ್ಯಾಂಕ್ ತೆಗೆಯುವ ಖರ್ಚು, ಇವೆಲ್ಲ ಹಾಳೆಯ ಮೇಲೆ ಇರಲಿ. ಬಾಯಲ್ಲಿ ‘ಅದೆಲ್ಲ ಸೇರಿದೆ’ ಎಂದರೆ ಒಪ್ಪಬೇಡಿ. ಮುಂಗಡ ಎಷ್ಟು, ಕಂಪನಿ ಮುಚ್ಚಿದರೆ ಆ ಮುಂಗಡಕ್ಕೆ ವಿಮೆ ಇದೆಯೇ, ವೋಚರ್, ಅಂದರೆ ಸಹಾಯಧನದ ಮಂಜೂರಾತಿ, ತಿರಸ್ಕೃತವಾದರೆ ಒಪ್ಪಂದ ರದ್ದಾಗಿ ಹಣ ವಾಪಸ್ ಬರುತ್ತದೆಯೇ ಎಂಬ ಮೂರು ಪ್ರಶ್ನೆಗೆ ಲಿಖಿತ ಉತ್ತರ ಪಡೆಯಿರಿ. ಮನೆಗೆ ಬಂದು ಮಾಡಿಸಿಕೊಂಡ ಒಪ್ಪಂದವನ್ನು 14 ದಿನದೊಳಗೆ ಹಿಂದೆಗೆದುಕೊಳ್ಳುವ ಹಕ್ಕು ಗ್ರಾಹಕರಿಗೆ ಇರುತ್ತದೆ.

ಅರ್ಜಿ ಮತ್ತು ವೋಚರ್

ಯೋಜನೆಯನ್ನು ನಡೆಸುವುದು ಕರೆಂಟು ಮತ್ತು ಗ್ಯಾಸ್ ಕ್ಷೇತ್ರದ ಸರ್ಕಾರಿ ನಿಯಂತ್ರಕ ಸಂಸ್ಥೆಯಾದ ಆಫ್‌ಜೆಮ್. ನೀವು ಕೊಟೇಶನ್ ಒಪ್ಪಿದ ಮೇಲೆ ಇನ್‌ಸ್ಟಾಲರ್ ತಮ್ಮ ಖಾತೆಯಿಂದ ಅರ್ಜಿ ಹಾಕುತ್ತಾರೆ. ಆಗ ಆಫ್‌ಜೆಮ್‌ನಿಂದ ನಿಮಗೆ ಒಂದು ಇಮೇಲ್ ಬರುತ್ತದೆ. ಮನೆ ನಿಮ್ಮದೇ, ಈ ಇನ್‌ಸ್ಟಾಲರಿಗೆ ನಿಮ್ಮ ಪರವಾಗಿ ಅರ್ಜಿ ಹಾಕಲು ಒಪ್ಪಿಗೆ ಇದೆ ಎಂದು ಅದರಲ್ಲಿ ದೃಢಪಡಿಸಬೇಕು. ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡುತ್ತಿರಿ, ಬಂದ ದಿನವೇ ಉತ್ತರಿಸಿ. ಮನೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದ್ದರೆ, ನೋಂದಣಿಯಲ್ಲಿರುವ ಹೆಸರಿನ ಕಾಗುಣಿತವೇ ಅರ್ಜಿಯಲ್ಲೂ ಇರಲಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇರುವ ನಮ್ಮ ಹೆಸರುಗಳ ವಿಷಯದಲ್ಲಿ ಈ ಎಚ್ಚರ ಹೆಚ್ಚೇ ಬೇಕು.

ಮಂಜೂರಾದ ವೋಚರಿಗೆ ಗಾಳಿ ಮೂಲದ ಪಂಪಾದರೆ ಮೂರು ತಿಂಗಳು, ನೆಲ ಮೂಲದ್ದಾದರೆ ಆರು ತಿಂಗಳು ಅವಧಿ. ಅಷ್ಟರಲ್ಲಿ ಕೆಲಸ ಮುಗಿದು, ಚಾಲನೆಯಾಗಿ, ಇನ್‌ಸ್ಟಾಲರ್ ವೋಚರನ್ನು ಸಲ್ಲಿಸಿ ಹಣ ಪಡೆಯಬೇಕು. ಹಣ ನಿಮ್ಮ ಖಾತೆಗೆ ಬರುವುದಿಲ್ಲ, ಅವರ ಖಾತೆಗೇ ಹೋಗುತ್ತದೆ. ಪೂರ್ತಿ ಹಣ ನೀವು ಕೊಡಿ, ಸಹಾಯಧನ ಬಂದ ಮೇಲೆ ಹಿಂದಿರುಗಿಸುತ್ತೇವೆ ಎನ್ನುವವರಿದ್ದರೆ ಆ ಮಾತಿಗೆ ಒಪ್ಪದಿರುವುದು ಕ್ಷೇಮ. ವೋಚರ್ ಕೈಗೆ ಬರುವವರೆಗೆ ಹಳೆಯ ಬಾಯ್ಲರನ್ನು ಕೀಳಿಸಬೇಡಿ. ಸಾಧ್ಯವಾದರೆ ಮಾರ್ಚಿಯಿಂದ ಸೆಪ್ಟೆಂಬರ್ ನಡುವೆ ಕೆಲಸ ಮಾಡಿಸಿ, ಆ ಮೂರು ನಾಲ್ಕು ದಿನ ಮನೆಯಲ್ಲಿ ಬಿಸಿ ಇರುವುದಿಲ್ಲ.

ಆದಾಯ ಕಡಿಮೆಯಿರುವ ಕುಟುಂಬಗಳು ಇನ್ನೊಂದು ಬಾಗಿಲನ್ನೂ ತಟ್ಟಬೇಕು. ಇಂಗ್ಲೆಂಡಿನಲ್ಲಿ 2025ರ ಏಪ್ರಿಲ್‌ನಿಂದ ಕೌನ್ಸಿಲುಗಳ ಮೂಲಕ ‘ವಾರ್ಮ್ ಹೋಮ್ಸ್: ಲೋಕಲ್ ಗ್ರಾಂಟ್’ ನಡೆಯುತ್ತಿದೆ, ಇಪಿಸಿ ದರ್ಜೆ ಡಿ ಅಥವಾ ಅದಕ್ಕಿಂತ ಕೆಳಗಿದ್ದು, ಮನೆಯ ವಾರ್ಷಿಕ ಆದಾಯ 36,000 ಪೌಂಡ್ ಮೀರದ ಮಾಲೀಕರಿಗೆ ಇದರಲ್ಲಿ ನಿರೋಧಕವೂ ಹೀಟ್ ಪಂಪೂ ಸಿಗಬಹುದು. ವೇಲ್ಸ್‌ನಲ್ಲಿ ಇದಕ್ಕೆ ‘ನೆಸ್ಟ್’ ಯೋಜನೆ ಇದೆ. ಸ್ಕಾಟ್‌ಲೆಂಡಿನವರಿಗೆ ಬಾಯ್ಲರ್ ಅಪ್‌ಗ್ರೇಡ್ ಸ್ಕೀಮ್ ಅನ್ವಯಿಸುವುದಿಲ್ಲ. ಅಲ್ಲಿ ಹೋಮ್ ಎನರ್ಜಿ ಸ್ಕಾಟ್‌ಲೆಂಡ್ ಮೂಲಕ 7,500 ಪೌಂಡ್ ಸಹಾಯಧನ, ಗ್ರಾಮೀಣ ಮತ್ತು ದ್ವೀಪ ಪ್ರದೇಶಗಳಿಗೆ 9,000, ಅದರ ಮೇಲೆ 7,500ರವರೆಗೆ ಬಡ್ಡಿಯಿಲ್ಲದ ಸಾಲ ಎಂಬ ವ್ಯವಸ್ಥೆಯಿದ್ದು, ಅರ್ಜಿಯನ್ನು ಮನೆಯವರೇ ಹಾಕಿ, ಮಂಜೂರಾತಿ ಪತ್ರ ಬಂದ ನಂತರವೇ ಕೆಲಸ ಶುರುಮಾಡಬೇಕು.

ಟ್ಯಾಂಕ್ ತೆಗೆಸುವುದು ಮತ್ತು ಮೊದಲ ಚಳಿಗಾಲ

ಎಣ್ಣೆಯನ್ನು ಕೊನೆಯ ಬಾರಿ ತರಿಸುವಾಗಲೇ ಕೆಲಸದ ದಿನಾಂಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಉಳಿದ ಎಣ್ಣೆಯನ್ನು ಚರಂಡಿಗೋ ಮಣ್ಣಿಗೋ ಬಿಡುವುದು ಅಪರಾಧ. ಟ್ಯಾಂಕಿನ ತಳದಲ್ಲಿ ನೀರೂ ಕೆಸರೂ ಸೇರಿಕೊಂಡಿರುತ್ತದೆ, ಅದರ ಆವಿ ಅಪಾಯಕಾರಿ. ಎಣ್ಣೆ ಬಾಯ್ಲರ್, ಟ್ಯಾಂಕುಗಳ ಕೆಲಸದವರನ್ನು ನೋಂದಾಯಿಸುವ ಆಫ್‌ಟೆಕ್ ಸಂಸ್ಥೆಯ ನೋಂದಣಿ ಇರುವವರಿಂದಲೇ ಖಾಲಿಮಾಡಿಸಿ, ಟ್ಯಾಂಕನ್ನು ಸಾಗಿಸಿದ್ದಕ್ಕೆ ರಸೀದಿ ಪಡೆಯಿರಿ. ಒಳ್ಳೆಯ ಎಣ್ಣೆ ಉಳಿದಿದ್ದರೆ ಬಳಸುವ ನೆರೆಯವರಿಗೆ ಅವರೇ ಪಂಪ್ ಮಾಡಿ ಕೊಡುತ್ತಾರೆ.

ಚಾಲನೆಯ ದಿನ ಇನ್‌ಸ್ಟಾಲರ್ ಹೊರಡುವ ಮುಂಚೆ ನಿಯಂತ್ರಣ ಫಲಕದ ಮುಂದೆ ಅವರನ್ನು ಅರ್ಧ ಗಂಟೆ ನಿಲ್ಲಿಸಿಕೊಳ್ಳಿ. ಹೊರಗಿನ ಚಳಿ ಹೆಚ್ಚಾದಂತೆ ನೀರಿನ ಬಿಸಿ ಏರುವ, ಚಳಿ ಕಡಿಮೆಯಾದಂತೆ ಇಳಿಯುವ ವ್ಯವಸ್ಥೆಯನ್ನು ವೆದರ್ ಕಾಂಪನ್ಸೇಶನ್ ಎನ್ನುತ್ತಾರೆ. ಅದು ಚಾಲೂ ಇದೆಯೇ, ಎಷ್ಟು ಚಳಿಗೆ ನೀರು ಎಷ್ಟು ಬಿಸಿ ಎಂದು ತೋರಿಸುವ ಅದರ ಗೆರೆಯನ್ನು ಎಲ್ಲಿ ಏರಿಸಿ ಇಳಿಸುವುದು ಎಂದು ತೋರಿಸಿಕೊಡಲು ಹೇಳಿ. ಎಂಸಿಎಸ್ ಪ್ರಮಾಣಪತ್ರ, ವಿದ್ಯುತ್ ಕೆಲಸದ ಪ್ರಮಾಣಪತ್ರ, ಶಾಖನಷ್ಟದ ಹಾಳೆ, ಗ್ಯಾರಂಟಿ ಪತ್ರಗಳನ್ನು ಒಂದೇ ಫೈಲಿನಲ್ಲಿಡಿ. ಆಫ್‌ಜೆಮ್ ಕಡೆಯವರು ಪರಿಶೀಲನೆಗೆ ಬರುವ ಸಾಧ್ಯತೆಯೂ ಇರುತ್ತದೆ, ಮುಂದೆ ಮನೆ ಮಾರುವಾಗ ವಕೀಲರೂ ಇವನ್ನೇ ಕೇಳುತ್ತಾರೆ.

ಮೊದಲ ಚಳಿಗಾಲದಲ್ಲಿ ಪಂಪನ್ನು ರಾತ್ರಿ ಪೂರ್ತಿ ಆರಿಸಿ ಬೆಳಿಗ್ಗೆ ಜೋರಾಗಿ ನಡೆಸುವ ಹಳೆಯ ಅಭ್ಯಾಸವನ್ನು ಬಿಡಿ. ರಾತ್ರಿ ಒಂದೆರಡು ಡಿಗ್ರಿ ಇಳಿಸಿದರೆ ಸಾಕು. ರೇಡಿಯೇಟರನ್ನು ಮುಟ್ಟಿದರೆ ಕೈ ಸುಡುವುದಿಲ್ಲ, ಬೆಚ್ಚಗಿರುತ್ತದೆ ಅಷ್ಟೆ. ಕೆಟ್ಟಿದೆ ಎಂದು ಭಾವಿಸಬೇಡಿ. ಪ್ರತಿ ತಿಂಗಳ ಮೊದಲ ದಿನ ಫಲಕದಲ್ಲಿ ಕಾಣುವ ಎರಡು ಅಂಕಿಗಳನ್ನು, ಬಳಸಿದ ಕರೆಂಟು ಮತ್ತು ಕೊಟ್ಟ ಶಾಖವನ್ನು, ಬರೆದಿಡಿ. ನವೆಂಬರಿನಲ್ಲಿ ವಾರಕ್ಕೊಮ್ಮೆ ನೀರಿನ ಗೆರೆಯನ್ನು ಒಂದು ಡಿಗ್ರಿ ಇಳಿಸುತ್ತಾ ಹೋಗಿ, ಕೋಣೆ ತಣ್ಣಗೆನಿಸಿದಲ್ಲಿ ಒಂದು ಡಿಗ್ರಿ ಹಿಂದಕ್ಕೆ ಬನ್ನಿ. ಜನವರಿಯ ಅಂಕಿಗಳನ್ನು ಭಾಗಿಸಿದಾಗ 2.5ಕ್ಕಿಂತ ಕಡಿಮೆ ಬಂದರೆ, ಶಾಖನಷ್ಟದ ಹಾಳೆಯನ್ನು ಕೈಯಲ್ಲಿ ಹಿಡಿದು ಇನ್‌ಸ್ಟಾಲರಿಗೆ ಫೋನ್ ಮಾಡಿ. ಅದರಲ್ಲಿ ಅವರೇ ಬರೆದುಕೊಟ್ಟ ನೀರಿನ ತಾಪಮಾನವನ್ನು ಓದಿ ಹೇಳಿ, ಈಗ ಫಲಕ ತೋರಿಸುತ್ತಿರುವುದು ಎಷ್ಟೆಂದು ತಿಳಿಸಿ, ಬಂದು ಸರಿಪಡಿಸಲು ದಿನಾಂಕ ಗೊತ್ತುಮಾಡಿಕೊಳ್ಳಿ.